ಮಾವನ ಪಟ್ಟಿಯಲ್ಲಿ ಗಂಡಸರಿಲ್ಲ

ನನ್ನ ಸೋದರಮಾವನಿಗೆ ತನ್ನ ಮದುವೆ ಯಾವ ವರ್ಷವಾಯಿತೆಂದು ನೆನಪಿಲ್ಲ. ತನ್ನ ಕಪ್ಪು ಹಸುವಿನ ಮುತ್ತಜ್ಜಿ ಯಾವ ಬೇಸಿಗೆಯಲ್ಲಿ ಕರು ಹಾಕಿತೆಂಬುದು ಮಾತ್ರ ಚೆನ್ನಾಗಿ ಗೊತ್ತು! ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನಲ್ಲಿ ದನ ಮೇಯಿಸಿಕೊಂಡಿದ್ದ ಈ ಮಹಾನುಭಾವ ಚಳ್ಳಕೆರೆ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡುತ್ತಿರಲಿಲ್ಲ. ನಿಮ್ಮ ತಾಯಿ ಯಾವೂರು, ಅವರ ತಾಯಿ ಯಾವೂರು ಎಂದು ಕೆದಕಿ ಮೂರನೆಯ ತಲೆಮಾರಿಗೆ ಹೋಗುವಷ್ಟರಲ್ಲಿ ಆ ಪುಣ್ಯಾತ್ಮರು ತಮ್ಮ ಸ್ಟಾಪಿಗೆ ಮುಂಚೆಯೇ ಇಳಿದುಬಿಡುತ್ತಿದ್ದರು.

ಇಂಥವನನ್ನು ಬಿಟ್ಟು ಇನ್ಯಾರನ್ನು ಕೇಳಲಿ? ತೊಂಬತ್ತರ ದಶಕದ ಕೊನೆ. ನಾನೊಂದು ಕ್ಯಾನ್ಸರ್ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಗಂಟು ಬೆಳೆಯದಂತೆ ತಡೆಯುವ ಜೀನೊಂದನ್ನು ತುಂಡು ತುಂಡಾಗಿ ಓದಿ, ಎಲ್ಲೆಲ್ಲಿ ಕೆಟ್ಟಿದೆ ಎಂದು ನಕ್ಷೆ ಮಾಡುತ್ತಿದ್ದೆವು. ನನ್ನ ಅವ್ವ, ಚಿಕ್ಕವ್ವ, ಅಂದರೆ ಮಾವನ ಇಬ್ಬರು ಅಕ್ಕಂದಿರೂ, ಎದೆಯ ಗಂಟಿನಿಂದಲೇ ಹೋಗಿದ್ದರು. ತೆಗೆದಿಟ್ಟಿದ್ದ ಚಿಕ್ಕವ್ವನ ರಕ್ತದಲ್ಲಿ ಆ ಜೀನಿನ ಎರಡೇ ಎರಡು ಅಕ್ಷರ ಬಿದ್ದುಹೋಗಿದ್ದವು. ಅಲ್ಲಿಂದ ಮುಂದೆ ಓದೆಲ್ಲ ತಪ್ಪು. ಆ ತಪ್ಪು ಮನೆಯಲ್ಲಿ ಇನ್ನು ಯಾರಿಗೆ ಬಂದಿದೆ?

ಮಾವನಿಗೆ ಓದುಬರಹವಿಲ್ಲ. ಆದರೂ ಒಂದೇ ಬೆಳಿಗ್ಗೆ ಐದು ತಲೆಮಾರು ಹೇಳಿ ಬರೆಸಿದ. ನೋಡಿದರೆ ಎಲ್ಲ ಹೆಂಗಸರೇ! ದನದ ತಳಿಯನ್ನು ತಾಯಿಯಿಂದ ಎಣಿಸುತ್ತಾರೆ, ಹೋರಿಯನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ ಎಂದು ನಗುತ್ತ, ಅಕ್ಕನ ಮಗಳಾದ ನನಗೇ ಪಾಠ ಹೇಳಿದ. ಇದು ಗಂಡಸರಿಂದಲೂ ಇಳಿಯುತ್ತದೆ, ಅಪ್ಪನಲ್ಲಿದ್ದರೆ ಮಗಳಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದೆ. ಮಾವನ ನಗು ನಿಂತಿತು. ಅವನಿಗಿದ್ದವಳು ಒಬ್ಬಳೇ ಮಗಳು, ಮೊಳಕಾಲ್ಮೂರಿಗೆ ಕೊಟ್ಟಿದ್ದ.

"ಅಂದ್ರೆ ನಾನೇ ಅವಳಿಗೆ ದಾಟಿಸಿರ್ಬೋದಾ?"

"ಇರ್ಬೋದು ಮಾವ."

ಹೋರಿಯ ಕೊಂಬು ಹಿಡಿದು ನಿಲ್ಲಿಸುವ ಮಾವ ಸೂಜಿ ಕಂಡರೆ ಓಡುವ ಆಸಾಮಿ. ಆವತ್ತು ತಾನೇ ತೋಳು ಚಾಚಿ, ಕಣ್ಣು ಮುಚ್ಚಿ, ಕಪ್ಪು ಹಸುವಿನ ವಂಶಾವಳಿ ಶುರು ಮಾಡಿದ. ರಕ್ತ ತೆಗೆದು ನರ್ಸಮ್ಮ ಹೊರಟುಹೋದರೂ ಅವನಿನ್ನೂ ಮುತ್ತಜ್ಜಿಯ ಹತ್ತಿರವೇ ಇದ್ದ! ಮಗಳೂ ರಕ್ತ ಕೊಟ್ಟಳು. ಆಮೇಲೆ ಎರಡು ತಿಂಗಳು ದಿನಾ ಚಳ್ಳಕೆರೆಯ ಎಸ್‌ಟಿಡಿ ಬೂತಿನಿಂದ ಒಂದೇ ಪ್ರಶ್ನೆ, ಬಂತಾ ಎಂದು. ಇಲ್ಲ ಎಂದರೆ ಇಟ್ಟುಬಿಡುತ್ತಿದ್ದ. ನನಗೆ ಫೋನು ಎತ್ತುವುದಕ್ಕೇ ಭಯವಾಗತೊಡಗಿತು.

ಫಲಿತಾಂಶ ಹಿಡಿದು ನಾನೇ ಊರಿಗೆ ಹೋದೆ. ಮಾವನಲ್ಲಿ ಆ ತಪ್ಪು ಇತ್ತು. ಮಗಳಲ್ಲಿ ಇರಲಿಲ್ಲ. ಮಾವ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ತಾನು ಬರೆಸಿದ ಪಟ್ಟಿಯನ್ನು ಪೂರ್ತಿ ಓದು ಎಂದ. ಓದಿದೆ.

"ನಿಮ್ಮವ್ವನ ಕೆಳಗೆ ನಿನ್ ಹೆಸರು ನಾನೇ ಬರ್ಸಿದ್ದೆ. ಯಾಕೆ ಓದ್ಲಿಲ್ಲ?"

ಊರಿನವರದ್ದೆಲ್ಲ ರಕ್ತ ಪರೀಕ್ಷೆ ಮಾಡಿದ ನಾನು ನನ್ನದನ್ನು ಕೊಟ್ಟೇ ಇರಲಿಲ್ಲ. ಯಾಕೆಂದು ಅದುವರೆಗೆ ಯಾರೂ ಕೇಳಿರಲಿಲ್ಲ.

"ಹೆದ್ರಿಕೆ ಆಗ್ತೈತೆ ಮಾವ," ಎಂದೆ.

ಮಾವ ನನ್ನ ತಲೆಯ ಮೇಲೆ ಕೈಯಿಟ್ಟ. "ನಂಗೂ ಆಗ್ತೈತೆ ಮಗಾ. ನಡಿ, ನಿನ್ ರಕ್ತ ಕೊಡಾಕೆ ಇಬ್ರೂ ಹೋಗಾಣ."