ಹಡಗಿನ ಕುರ್ಚಿಗೆ ಹಾಕಿದ ಬೈರಾಸು

ಹಡಗು ಹತ್ತುವಾಗ ಅಕ್ಕನ ಕೈ ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಹಿಡಿದುಕೊಳ್ಳಲಿಲ್ಲ. ಮರೆತದ್ದಲ್ಲ, ಕೈ ನೋವಿತ್ತು ಎಂದೂ ಅಲ್ಲ. ಅವಳು ಹತ್ತುವ ಹೊತ್ತಿಗೆ ನಾನು ಹಡಗಿನ ಮೇಲಿನ ಮಾಳಿಗೆಯಲ್ಲಿ ಎರಡು ಕುರ್ಚಿಗಳ ಮೇಲೆ ಬೈರಾಸು, ಎಂದರೆ ನನ್ನ ಹೆಗಲಿನ ಟವೆಲು, ಹಾಸಿ ಕಾವಲು ಕುಳಿತಿದ್ದೆ. ಅದಕ್ಕಾಗಿ ಹೆಚ್ಚಿನ ಹಣವನ್ನೂ ಕೊಟ್ಟಿದ್ದೆ!

ನನ್ನ ಅಕ್ಕ ದೇವಕಿ ಇರುವುದು ಮರ್ಕಂಜದಲ್ಲಿ. ನನಗೆ ಗುಂಡ್ಯದಲ್ಲಿ ಒಂದು ಚಹಾದಂಗಡಿ ಉಂಟು. ಘಾಟಿ ಹತ್ತುವ ಮೊದಲು ಬಸ್ಸುಗಳು ಅಲ್ಲಿ ನಿಲ್ಲುತ್ತವೆ. ಜನರು ಇಳಿದು ಓಡಿ ಬಂದು ಗೋಳಿಬಜೆ ತಿಂದು ಓಡಿ ಹೋಗುತ್ತಾರೆ. ನನ್ನ ವಿದ್ಯಾಭ್ಯಾಸ ಆರನೇ ಕ್ಲಾಸಿಗೆ ಮುಗಿದದ್ದರಿಂದ ಲೋಕಜ್ಞಾನವನ್ನೆಲ್ಲ ನಾನು ಈ ಓಡುವವರಿಂದಲೇ ಕಲಿತದ್ದು.

ಅಕ್ಕನಿಗೆ ಹಡಗಿನ ಆಸೆ ಹುಟ್ಟಿದ್ದು ಫೋನಿನಲ್ಲಿ ವಿಡಿಯೋ ನೋಡಿ. ಕೊಚ್ಚಿಯಿಂದ ಹೊರಟು, ಎರಡು ರಾತ್ರಿ ಸಮುದ್ರದಲ್ಲಿ ಸುತ್ತಿ, ಪುನಃ ಕೊಚ್ಚಿಗೇ ಬಂದು ಬಿಡುವ ಹಡಗು.

"ಎಲ್ಲಿಗೂ ಹೋಗುದಿಲ್ವಾ ಅದು?" ಎಂದು ಕೇಳಿದೆ.

"ಇಲ್ಲ. ಸುಮ್ಮನೆ ಹೋಗುದು, ಸುಮ್ಮನೆ ಬರುದು. ನಾನು ಇಷ್ಟು ವರ್ಷ ಕೆಲಸ ಇಲ್ಲದೆ ಎಲ್ಲಿಗಾದ್ರೂ ಹೋದದ್ದುಂಟಾ?" ಎಂದಳು.

ಅವಳ ಕಾಳುಮೆಣಸಿಗೆ ಆ ವರ್ಷ ಒಳ್ಳೆಯ ಕ್ರಯ ಬಂದಿತ್ತು. ಇಬ್ಬರ ಟಿಕೆಟಿಗೂ ತಾನೇ ಕೊಡುವುದಾಗಿ ಹೇಳಿದಳು. ಬದಲಿಗೆ ಒಂದೇ ಕೆಲಸ.

"ದಡದಿಂದ ಹಡಗಿಗೆ ಹೋಗ್ಲಿಕ್ಕೆ ಒಂದು ಸಂಕ ಉಂಟು ಕುಶಾ. ವಿಡಿಯೋದಲ್ಲಿ ನೋಡಿದೆ. ಅಡಿಯಲ್ಲಿ ನೀರು ಕಾಣ್ತದೆ. ಅಲ್ಲಿ ನನ್ನ ಕೈ ಹಿಡ್ಕೊಳ್ಳಿಕ್ಕೆ ಒಂದು ಜನ ಬೇಕು. ಒಳಗೆ ಹೋದ ಮೇಲೆ ನನ್ನನ್ನು ನಾನು ನೋಡ್ಕೊಳ್ತೇನೆ."

"ಅಷ್ಟೇ ಅಲ್ವಾ! ಹಿಡ್ಕೊಳ್ತೇನೆ," ಎಂದೆ.

ಈ ಕೆಲಸದಲ್ಲಿ ನನಗೆ ಅನುಭವವೂ ಇತ್ತು. ಶಾಲೆಗೆ ಹೋಗುವ ದಾರಿಯ ತೋಡಿಗೆ ಅಡ್ಡಲಾಗಿ ಎರಡು ಮರ ಹಾಕಿದ ಸಂಕ ಇತ್ತು. ನೀರು ಕಂಡರೆ ಹೆದರುವ ಅಕ್ಕನನ್ನು ದಿನಾ ನಾನೇ ಕೈ ಹಿಡಿದು ದಾಟಿಸುತ್ತಿದ್ದೆ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅವಳು ನನಗಿಂತ ಆರು ವರ್ಷ ದೊಡ್ಡವಳು ಎಂಬುದನ್ನು ಕೇಳಿದವರು ಯಾರೂ ಲೆಕ್ಕ ಹಾಕಿರಲಿಲ್ಲ.

ಟಿಕೆಟು ಮಾಡಿಸಲು ಪುತ್ತೂರಿಗೆ ಹೋದವನು ನಾನು. ಏಜೆಂಟ್ ಹೆಂಗಸು ಕಂಪ್ಯೂಟರಿನಿಂದ ತಲೆ ಎತ್ತಿ ಕೇಳಿದರು, "ಪ್ರಯಾರಿಟಿ ಬೋರ್ಡಿಂಗ್ ಬೇಕಾ? ಹೆಚ್ಚು ಕೊಟ್ರೆ ಎಲ್ಲರಿಗಿಂತ ಮೊದಲು ಹತ್ತಬಹುದು."

"ಮೊದಲು ಹತ್ತಿದ್ರೆ ಎಂತ ಸಿಗ್ತದೆ?"

"ಮೊದಲು ಹತ್ತುದು ಸಿಗ್ತದೆ."

"ಅದಲ್ಲ ಮಾರಾಯ್ರೆ. ಹತ್ತಿದ ಮೇಲೆ?"

ಆಕೆ ಪರದೆಯನ್ನು ಮೇಲಿನಿಂದ ಕೆಳಗೆ ಓದಿದರು. "ಅದು ಇದ್ರಲ್ಲಿ ಬರೆದಿಲ್ಲ. ಇಳಿಯುವಾಗ್ಲೂ ನೀವೇ ಮೊದಲು ಅಂತ ಉಂಟು."

ನನ್ನ ತಲೆಯೊಳಗೆ ಹುಳ ಹೊಕ್ಕಿತು. ಏನೂ ಸಿಗದಿದ್ದರೆ ಜನ ಯಾಕೆ ಹಣ ಕೊಡುತ್ತಾರೆ? ಏನೋ ಉಂಟು. ಬರೆಯದೆ ಇಟ್ಟಿದ್ದಾರೆಂದರೆ ಭಾರೀ ದೊಡ್ಡದೇ ಇರಬೇಕು!

ಯೋಚಿಸಿ ಹೇಳುತ್ತೇನೆಂದು ಗುಂಡ್ಯಕ್ಕೆ ಮರಳಿ, ಈ ವಿಷಯವನ್ನು ಸಾರ್ವಜನಿಕ ಚರ್ಚೆಗೆ ಇಟ್ಟೆ. ಪಕ್ಕದ ಪಂಕ್ಚರ್ ಅಂಗಡಿಯ ಅಬ್ಬಾಸ್ ಟ್ಯೂಬನ್ನು ನೀರಿಗೆ ಅದ್ದುತ್ತಾ, "ಹಡಗಿಗೆ ಹಿಂದಿನ ಬಾಗಿಲು ಇಲ್ವಾ? ಅಲ್ಲಿಂದ ಹತ್ತಿ. ಹಣ ಉಳೀತದೆ," ಎಂದ.

ನನ್ನ ಹೆಂಡತಿ ಸರೋಜ ಶಿರಾಡಿ ಘಾಟಿಯ ಎರಡನೇ ತಿರುವಿನಲ್ಲೇ ಲಿಂಬೆಹಣ್ಣು ಕೇಳುವವಳು. ಹಡಗಿನ ಹೆಸರೆತ್ತಿದರೆ ಅವಳಿಗೆ ಒಲೆಯ ಮುಂದೆಯೇ ತಲೆ ತಿರುಗುತ್ತದೆ. ಆದರೂ ಅಭಿಪ್ರಾಯ ಕೊಟ್ಟಳು.

"ಟಿಕೆಟಲ್ಲಿ ಕೋಣೆ ನಂಬ್ರ ಉಂಟಲ್ಲ. ಮತ್ತೆ ಎಂತಕ್ಕೆ ಓಡುದು?"

"ಕೋಣೆಗೆ ನಂಬ್ರ ಉಂಟು. ಸಮುದ್ರ ಕಾಣುವ ಒಳ್ಳೆ ಕುರ್ಚಿಗೆ ನಂಬ್ರ ಇರ್ತದಾ?"

"ಸಮುದ್ರ ನಾಲ್ಕೂ ಬದಿಗೆ ಇರ್ತದಲ್ಲ!"

ಹೆಂಗಸರಿಗೆ ಈ ಸೂಕ್ಷ್ಮಗಳು ತಿಳಿಯುವುದಿಲ್ಲ. ಜಾಗ ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಮದುವೆ ಮುಗಿಸಿ ಕಾಣಿಯೂರಿನಲ್ಲಿ ಬಸ್ಸು ಕಾಯುವಾಗ ಎಲ್ಲರೂ ನನ್ನ ಹೆಗಲಿನ ಬೈರಾಸನ್ನೇ ನೋಡುತ್ತಾರೆ. ಬಸ್ಸು ನಿಲ್ಲುವ ಮೊದಲೇ ನಾನದನ್ನು ಕಿಟಕಿಯಿಂದ ಒಳಗೆ ಎಸೆದಿರುತ್ತೇನೆ. ಬೈರಾಸು ಬಿದ್ದ ಸೀಟಿನಲ್ಲಿ ಬೇರೆಯವರು ಕೂರುವುದಿಲ್ಲ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕುಗಳಲ್ಲಿ ಎಲ್ಲಿಯೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು ಇದು. ಆಮೇಲೆ ನಾನು ನಿಧಾನಕ್ಕೆ ಬಾಗಿಲಿಗೆ ಬಂದು, ಮುದುಕರನ್ನು ಕೈ ಹಿಡಿದು ಹತ್ತಿಸುತ್ತೇನೆ. ಹಡಗಾದರೇನು, ಬಸ್ಸಾದರೇನು!

ಆದ್ದರಿಂದ ಪ್ರಯಾರಿಟಿಯನ್ನು ನನ್ನ ಹಣದಿಂದ, ನನಗೊಬ್ಬನಿಗೇ ತೆಗೆದುಕೊಂಡೆ. ಸೀಟು ಹಿಡಿಯಲು ಮನೆಯಿಂದ ಇಬ್ಬರು ಓಡುವ ಕ್ರಮ ಎಲ್ಲಿಯೂ ಇಲ್ಲ.

ಕೊಚ್ಚಿಯ ಬಂದರಿನಲ್ಲಿ ಹಡಗನ್ನು ನೋಡಿ ಅಕ್ಕ ಬಾಯಿಗೆ ಸೆರಗು ಹಿಡಿದಳು. ನಮ್ಮ ಸುಳ್ಯ ಪೇಟೆಯನ್ನು ಎತ್ತಿ ನಿಲ್ಲಿಸಿ ಬಿಳಿ ಬಣ್ಣ ಬಳಿದ ಹಾಗಿತ್ತು. ಕುರ್ಚಿಗಳಲ್ಲಿ ಕುಳಿತು ಕಾಯುತ್ತಿದ್ದಾಗ ಮೈಕಿನಲ್ಲಿ ಪ್ರಯಾರಿಟಿಯವರನ್ನು ಕರೆದರು. ನಾನು ಎದ್ದು ಬೈರಾಸು ಕೊಡವಿದೆ.

"ಎಲ್ಲಿಗಾ?" ಎಂದಳು ಅಕ್ಕ.

"ಜಾಗ ಹಿಡಿದು ಇಳಿದು ಬರ್ತೇನೆ. ಮತ್ತೆ ಒಟ್ಟಿಗೆ ಹತ್ತುವ."

"ನನಗೆ ಜಾಗ ಬೇಡ ಮಾರಾಯ! ಒಟ್ಟಿಗೇ ಹೋಗುವ, ಕೂತ್ಕೋ."

"ಈಗ ಬಂದೆ."

"ಯಾವಾಗ್ಲೂ ಅವಸರ! ನಿನ್ನ ಅಂಬೆರ್ಪಿಗೆ ಬೆಂಕಿ ಹಾಕ!" ಎಂಬುದು ನನ್ನ ಬೆನ್ನಿಗೆ ಕೇಳಿಸಿತು.

ನನ್ನ ಮುಂದೆ ಟೊಪ್ಪಿ ಹಾಕಿದ ಒಬ್ಬರು ಬಿರುಸಾಗಿ ನಡೆಯುತ್ತಿದ್ದರು. ಅವರನ್ನು ಹಿಂದೆ ಹಾಕುವ ಗಡಿಬಿಡಿಯಲ್ಲಿ ಸಂಕ ಯಾವಾಗ ಬಂತು, ಯಾವಾಗ ದಾಟಿತು ಎಂಬುದೇ ತಿಳಿಯಲಿಲ್ಲ. ಕೆಳಗೆ ನೀರಿತ್ತೋ, ಬೆಂಕಿಯಿತ್ತೋ ದೇವರಿಗೇ ಗೊತ್ತು. ಬಾಗಿಲಿನಲ್ಲಿ ಅವರನ್ನು ಅರ್ಧ ಹೆಜ್ಜೆಯಿಂದ ಸೋಲಿಸಿದೆ. ಗೆದ್ದೆ!

ಒಳಗೆ ಒಬ್ಬ ಹುಡುಗಿ ಕೆಂಪು ಶರಬತ್ತಿನ ಗ್ಲಾಸು ಕೊಟ್ಟಳು. ನನಗೆ ಬರುವಷ್ಟು ಮಲಯಾಳದಲ್ಲಿ ವಿಚಾರಿಸಿದೆ. ಕೋಣೆ? ಮಧ್ಯಾಹ್ನದ ಮೇಲೆ ತೆರೆಯುತ್ತದಂತೆ. ಊಟ? ಇನ್ನೂ ಆಗಿಲ್ಲವಂತೆ. ಹಾಗಾದರೆ ಈಗ ಏನುಂಟು?

"ವೆಲ್ಕಮ್!" ಎಂದು ನಕ್ಕಳು.

ಟೊಪ್ಪಿಯವರು ಕಾಸರಗೋಡಿನವರೆಂದು, ಕನ್ನಡ ಬರುತ್ತದೆಂದು ತಿಳಿಯಿತು. "ನೀವು ಯಾಕೆ ಹೆಚ್ಚು ಕೊಟ್ಟು ಮೊದಲು ಬಂದದ್ದು?" ಎಂದು ಕೇಳಿದೆ.

"ಎಂತ ಸಿಗ್ತದೆ ಅಂತ ನೋಡ್ಲಿಕ್ಕೆ."

"ಸಿಕ್ಕಿತಾ?"

ಅವರು ಶರಬತ್ತಿನ ಗ್ಲಾಸು ಎತ್ತಿ ತೋರಿಸಿದರು.

ಮೇಲಿನ ಮಾಳಿಗೆಗೆ ಹೋದೆ. ಕುರ್ಚಿಗಳೋ ಕುರ್ಚಿಗಳು! ನಮ್ಮ ಕಡೆಯ ಮೂರು ಮದುವೆಗಾಗುವಷ್ಟು. ಒಂದರಲ್ಲೂ ಜನವಿಲ್ಲ. ಆದರೂ ಕ್ರಮ ಬಿಡಬಾರದೆಂದು ಅಂಚಿನ ಎರಡು ಕುರ್ಚಿಗಳಿಗೆ ಬೈರಾಸು ಹಾಕಿದೆ. ಸಮವಸ್ತ್ರದವನೊಬ್ಬ ಬಂದು, ಅದನ್ನು ಎತ್ತಿ, ಚೆಂದಕ್ಕೆ ಮಡಚಿ, ಎರಡೂ ಕೈಯಿಂದ ನನಗೆ ಕೊಟ್ಟು ನಮಸ್ಕರಿಸಿದ. ಅವನು ಅತ್ತ ಹೋದಾಗ ಪುನಃ ಹಾಕಿದೆ. ಪುನಃ ಮಡಚಿ ಕೊಟ್ಟ. ಮೂರನೆಯ ಸಲ ನಾನು ಒಂದು ಕುರ್ಚಿಯಲ್ಲಿ ಕುಳಿತು, ಇನ್ನೊಂದರ ಮೇಲೆ ಕಾಲು ಚಾಚಿ, ಎರಡಕ್ಕೂ ಸೇರಿಸಿ ಬೈರಾಸು ಹೊದ್ದೆ. ನನಗೆ ಚಳಿಜ್ವರವೆಂದು ತಿಳಿದು ಅವನು ಬಿಸಿನೀರು ತಂದ.

ಆಗ ಫೋನು ಬಂತು.

"ಕುಶಾ, ಇಲ್ಲಿ ನನ್ನ ಆಧಾರ್ ಕಾರ್ಡ್ ಕೇಳ್ತಾರೆ. ಎಲ್ಲುಂಟು?"

ಕಳೆದುಹೋದೀತೆಂದು ರೈಲಿನಲ್ಲಿ ಅವಳಿಂದ ತೆಗೆದುಕೊಂಡವನು ನಾನೇ. "ನನ್ನ ಚೀಲದಲ್ಲಿ."

"ಚೀಲ ಎಲ್ಲಿ?"

"ನನ್ನ ಹತ್ರ."

"ನೀನೆಲ್ಲಿ?"

"ಹಡಗಿನಲ್ಲಿ."

"ಹಾಗಾದ್ರೆ ನಾನೆಲ್ಲಿಗೆ ಹೋಗುದು, ಮರ್ಕಂಜಕ್ಕಾ?"

ಬೈರಾಸು ಅಲ್ಲೇ ಬಿಟ್ಟು ಬಾಗಿಲಿಗೆ ಓಡಿದೆ. ಕಾವಲಿನವನು ಕೈ ಅಡ್ಡ ಹಿಡಿದ. ಒಮ್ಮೆ ಹತ್ತಿದವರು ಕೊಚ್ಚಿಗೆ ಮರಳುವವರೆಗೆ ಇಳಿಯುವಂತಿಲ್ಲವಂತೆ!

"ನಾವು ಇರುದೇ ಕೊಚ್ಚಿಯಲ್ಲಿ ಅಲ್ವಾ?" ಎಂದೆ. "ಮೇಲೆ ಬೈರಾಸು ಹಾಕಿ ಬಂದಿದ್ದೇನೆ. ಅಕ್ಕನನ್ನು ಕರಕೊಂಡು ಬರ್ತೇನೆ." ನಮ್ಮ ಮೂರು ತಾಲೂಕಿನ ಕಾನೂನು ಅವನಿಗೆ ತಿಳಿದಿರಲಿಲ್ಲ. ಕಾರ್ಡನ್ನು ಮಾತ್ರ ಒಬ್ಬರ ಕೈಯಲ್ಲಿ ಕೆಳಗೆ ಕಳುಹಿಸಿಕೊಟ್ಟ. ಕಾರ್ಡು ಇಳಿಯಿತು. ನಾನು ಇಳಿಯಲಿಲ್ಲ.

ಮೇಲಿನ ಕಟಾಂಜನದಿಂದ ಬಗ್ಗಿ ನೋಡಿದೆ. ಬಹಳ ಹೊತ್ತಿನ ಮೇಲೆ ಅಕ್ಕ ಸಂಕದ ಬುಡದಲ್ಲಿ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಚೀಲ. ಇನ್ನೊಂದು ಕೈಯನ್ನು ಸ್ವಲ್ಪ ಮುಂದೆ ಚಾಚಿದ್ದಳು, ಯಾರೋ ಹಿಡಿಯುತ್ತಾರೆ ಎನ್ನುವ ಹಾಗೆ. ಒಂದು ಹೆಜ್ಜೆ ಇಟ್ಟಳು. ಧೈರ್ಯ ತುಂಬುವುದು ನನ್ನ ಕರ್ತವ್ಯ ಎಂದು ಗಂಟಲು ಹರಿಯುವಂತೆ ಕೂಗಿದೆ.

"ಅಕ್ಕಾ! ಕೆಳಗೆ ನೋಡ್ಬೇಡ!"

ನೋಡಿದಳು.

ನೋಡಿದವಳು ಹಿಂದೆ ಸರಿದು, ಕುಸಿದು ಒಂದು ಪೆಟ್ಟಿಗೆಯ ಮೇಲೆ ಕುಳಿತಳು. ಹಿಂದಿದ್ದವರೆಲ್ಲ ಅವಳನ್ನು ದಾಟಿ ಹತ್ತಿದರು. ಮಕ್ಕಳು ಹತ್ತಿದರು, ಕೋಲೂರುವ ಅಜ್ಜಿ ಹತ್ತಿದರು. ಅಕ್ಕ ಅಲ್ಲೇ ಚೀಲ ಅಪ್ಪಿಕೊಂಡಿದ್ದಳು. ತಾನೇ ಹಣ ಕೊಟ್ಟ ಹಡಗು, ಒಂದು ಮಾರು ದೂರದಲ್ಲಿ. ಅವಳು ಊರಿಗೆ ತಿರುಗಿ ಹೋಗುತ್ತಾಳೆ, ನಾನೊಬ್ಬನೇ ಎರಡು ರಾತ್ರಿ ಸುಮ್ಮನೆ ಹೋಗಿ ಸುಮ್ಮನೆ ಬರಬೇಕು ಎಂದು ನನಗೆ ಖಾತ್ರಿಯಾಯಿತು.

ಕೊನೆಗೆ ಬಂದರಿನ ಕಾವಲಿನ ಹೆಂಗಸೊಬ್ಬರು ಹತ್ತಿರ ಬಂದು "ಚೇಚಿ" ಎಂದು, ಅವರ ಭಾಷೆಯ ಅಕ್ಕಾ ಎಂದು, ಕರೆದು ಏನೋ ಹೇಳಿ ಕೈ ಚಾಚಿದರು. ಅಕ್ಕ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು, ಏಡಿಯ ಹಾಗೆ ಅಡ್ಡಡ್ಡ ನಡೆದು, ಕಣ್ಣು ಮುಚ್ಚಿ ದಾಟಿದಳು. ನಾನು ಬಾಗಿಲಿಗೆ ಓಡಿ ಕೈ ಚಾಚಿದೆ. ಅವಳು ಅದರಲ್ಲಿ ಚೀಲ ಇಟ್ಟಳು.

ಆಮೇಲೆ ನನ್ನೊಡನೆ ಮಾತಿಲ್ಲ. ಕೊನೆಗೆ ಹತ್ತಿದ ಅವಳಿಗೆ ಸಾಲು ಇರಲಿಲ್ಲ, ಕಾಯುವುದು ಇರಲಿಲ್ಲ, ಕೋಣೆ ತೆರೆದೇ ಇತ್ತು, ಊಟ ಬಿಸಿಯಾಗಿತ್ತು. ನನ್ನ ಬೈರಾಸು ಮಾತ್ರ ಕಳೆದುಹೋದ ಸಾಮಾನುಗಳ ಕೋಣೆಗೆ ಹೋಗಿತ್ತು. ನಮ್ಮ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಹಾಗಾಗಿ ಅವಳು ಕನ್ನಡಿಗೆ ಹೇಳುತ್ತಿದ್ದಳು: "ಕೆಲವರಿಗೆ ಚಹಾ ಬೇಕಾದ್ರೆ ಅಲ್ಲುಂಟು."

ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಕ್ರಮವಿಲ್ಲ. ತಪ್ಪು ಮಾಡಿದವನು ಒಳ್ಳೆಯ ಮೀನು ತರುತ್ತಾನೆ. ಮೀನು ಸ್ವೀಕಾರವಾದರೆ ಪ್ರಕರಣ ಮುಕ್ತಾಯ. ಸರೋಜಳೊಡನೆ ನನ್ನ ಸಂಸಾರ ನಡೆದಿರುವುದೇ ಬಂಗುಡೆಯ ಬಲದಿಂದ. ಆದರೆ ಸಮುದ್ರದ ಮಧ್ಯದಲ್ಲಿ ಮೀನು ಎಲ್ಲಿಂದ ತರಲಿ! ಐಸ್‌ಕ್ರೀಮ್ ತಂದೆ. ಹಲ್ವ ತಂದೆ. ಅಕ್ಕ ಕನ್ನಡಿಗೆ ಹೇಳಿದಳು: "ಇದೆಲ್ಲ ಇಲ್ಲಿ ಪುಕ್ಕಟೆ."

ಮರುದಿನ ಸಂಜೆ ಮೇಲಿನ ಮಾಳಿಗೆಯಲ್ಲಿ ಬಜೆ ಕೊಡುತ್ತಾರೆಂದು ಕೇಳಿ, ಬುದ್ಧಿ ಬಾರದ ನಾನು ಎಲ್ಲರಿಗಿಂತ ಮೊದಲು ಓಡಿದೆ. ನನಗೆ ಸಿಕ್ಕಿದ್ದು ಯಾವಾಗಲೋ ಕಾಯಿಸಿಟ್ಟ ತಣ್ಣನೆಯ ಬಜೆ. ಟೊಪ್ಪಿಯವರ ಹೆಂಡತಿಯೊಡನೆ ಮಾತಾಡುತ್ತಾ ನಿಧಾನಕ್ಕೆ ಬಂದ ಅಕ್ಕನಿಗೆ ಬಾಣಲೆಯಿಂದ ಆಗಷ್ಟೇ ಇಳಿದದ್ದು. ಅಕ್ಕ ಒಂದನ್ನು ಮುರಿದು, ಅದರ ಹಬೆಗೆ ಹೇಳಿದಳು: "ಅಂಗಡಿ ಇಟ್ಟವನಿಗೇ ಗೊತ್ತಾಗ್ಲಿಲ್ಲ ನೋಡು."

ನಿಜವೇ. ಬಸ್ಸಿನಿಂದ ಮೊದಲು ಓಡಿ ಬಂದವರಿಗೆ ಬೆಳಗ್ಗಿನದ್ದನ್ನು ದಾಟಿಸಿ, ಕೊನೆಗೆ ಬಂದವರಿಗೆ ಬಿಸಿಯದ್ದು ಕೊಡುವವನು ನಾನೇ! ಇಷ್ಟು ವರ್ಷ ಆ ವ್ಯಾಪಾರ ಮಾಡಿಯೂ, ಮೊದಲು ಓಡಿದರೆ ಏನು ಸಿಗುತ್ತದೆ ಎಂದು ಹಣ ಕೊಟ್ಟು ಕಲಿಯಬೇಕಾಯಿತು.

ಅದಕ್ಕಿಂತಲೂ ನನಗೆ ಚುಚ್ಚಿದ್ದು, ಅವಳು ಆ ಹೆಂಗಸಿಗೆ ಹೇಳಿದ ಮಾತು. "ನಾಳೆ ಇಳಿಯುವಾಗ ನಿಮ್ಮ ಕೈ ಹಿಡ್ಕೊಳ್ತೇನೆ, ಆಗದಾ? ನನ್ನೊಟ್ಟಿಗೆ ಯಾರೂ ಇಲ್ಲ."

ಮರುದಿನ ಬೆಳಿಗ್ಗೆ ಕೊಚ್ಚಿ ಬಂತು. ಮೈಕಿನಲ್ಲಿ ಪ್ರಯಾರಿಟಿಯವರನ್ನು ಮೊದಲು ಇಳಿಯಲು ಕರೆದರು. ಟೊಪ್ಪಿಯವರು ಹೆಂಡತಿಯನ್ನೂ ಎಳೆದುಕೊಂಡು ಓಡಿದರು. ಅಕ್ಕ ನನ್ನನ್ನು ನೋಡಲಿಲ್ಲ, ಕೈ ಮೇಲೆತ್ತಿ ದಾರಿ ತೋರಿಸಿದಳು. ನಾನು ಕದಲಲಿಲ್ಲ. ಎರಡು ಸಲ ಕರೆದರು. ನಾನು ಹೆಸರಿಲ್ಲದವನಂತೆ ಕುಳಿತೆ. ಎಲ್ಲರೂ ಇಳಿದರು. ಬಿಸಿನೀರು ತಂದವನು ನನ್ನ ಬೈರಾಸನ್ನು ಹುಡುಕಿ, ಮಡಚಿ, ಎರಡೂ ಕೈಯಿಂದ ಕೊಟ್ಟು ಹೋದ.

ಬಾಗಿಲಿಗೆ ಬಂದೆವು. ಅಕ್ಕ ನಿಂತಳು. ಅವಳ ಕೈ ತನ್ನಷ್ಟಕ್ಕೇ ಸ್ವಲ್ಪ ಮುಂದೆ ಬಂತು. ಹಿಡಿಯೋಣವೆಂದು ನಾನು ಸಂಕದ ಮೇಲೆ ಒಂದು ಹೆಜ್ಜೆ ಇಟ್ಟೆ. ಈ ಸಲ ಸೋಲಿಸಲು ಮುಂದೆ ಯಾರೂ ಇರಲಿಲ್ಲವಲ್ಲ, ಮೊದಲ ಬಾರಿಗೆ ಕೆಳಗೆ ನೋಡಿದೆ. ಹಡಗಿಗೂ ದಡಕ್ಕೂ ನಡುವೆ ಕಪ್ಪು ನೀರು, ಗುಡುಗುಡು ಎಂದು ಏರಿ ಇಳಿಯುತ್ತಿತ್ತು. ಇಟ್ಟ ಹೆಜ್ಜೆ ಹಿಂದೆ ತೆಗೆದು ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಆಗ ನೆನಪಾಯಿತು, ಶಾಲೆಯ ದಾರಿಯ ಆ ಸಂಕದ ಮೇಲೆ ಅಳುತ್ತಿದ್ದದ್ದು ಯಾರು, ಹೆದರಿಕೆಯಾದರೂ ಮುಂದೆ ನಡೆದು ಕೈ ಹಿಡಿಯುತ್ತಿದ್ದದ್ದು ಯಾರು ಎಂದು.

"ಎಂತ ಆಯ್ತಾ?" ಅಕ್ಕ ಕೇಳಿದಳು. ಕನ್ನಡಿಗಲ್ಲ, ನನಗೆ!

ಮೀನು ಇರಲಿಲ್ಲ. ಬಾಯಿಯೇ ಬಿಡಬೇಕಾಯಿತು.

"ಅಕ್ಕಾ, ತಪ್ಪಾಯ್ತು. ನಿನ್ನನ್ನು ಬಿಟ್ಟು ಹತ್ತಬಾರ್ದಿತ್ತು. ಈಗ ನೀನು ಸ್ವಲ್ಪ ನನ್ನ ಕೈ ಹಿಡ್ಕೋ ಮಾರಾಯ್ತಿ, ಕಾಲು ನಡುಗ್ತಾ ಉಂಟು!"