ಹತ್ತಕ್ಕೊಂದು ಪಾಕೀಟು

ನಮ್ಮ ಮಾಮಾನಿಗೆ ದೇವರೇ ಪ್ರತ್ಯಕ್ಷನಾದರೂ, ವರ ಕೇಳುವ ಮೊದಲು ಅವನನ್ನು ಬೆಳಕಿಗೆ ಹಿಡಿದು ನೋಡುತ್ತಾರೆ! ಸುಳ್ಳಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಾಲಿನ ಗುಣಮಟ್ಟ ನೋಡಿದವರು ಅವರು. ಹಾಳೆಯನ್ನು ಕಿಟಕಿಗೆ ಹಿಡಿದು, ಎರಡು ಬೆರಳ ನಡುವೆ ಸವರಿ, ‘ಪಾಸ್’ ಅಥವಾ ‘ರಿಜೆಕ್ಟ್’ ಎಂದರೆ ಮುಗಿಯಿತು. ನಿವೃತ್ತರಾಗಿ ಅಂಬೇವಾಡಿಯ ಮನೆಯಲ್ಲಿ ಕುಳಿತರೂ ಆ ಬೆರಳುಗಳು ಮಾತ್ರ ನಿವೃತ್ತವಾಗಲಿಲ್ಲ. ಅವರ ಹೆಂಡತಿ, ನಮ್ಮ ಅತ್ತಿ, ಬಡಿದ ರೊಟ್ಟಿ ಇವತ್ತಿಗೂ ಬೆಳಕಿಗೆ ಏರುತ್ತದೆ. ನನ್ನನ್ನು ನೋಡಲು ಬಂದ ಮೊದಲ ವರನ ಕೈ ಕುಲುಕಿ, ಅವನು ಗೇಟು ದಾಟುವ ಮೊದಲೇ ಅಂಚು ಸರಿಯಿಲ್ಲ ಎಂದುಬಿಟ್ಟಿದ್ದರು. (ನಿಜಕ್ಕೂ ಸರಿಯಿರಲಿಲ್ಲವೆಂದು ಆಮೇಲೆ ತಿಳಿಯಿತು, ಅದು ಬೇರೆ ಮಾತು.)

ಇಂಥವರಿಗೆ ಸಕ್ಕರೆ ಕಾಯಿಲೆ ಬಂದು, ನರಗಳು ಸೋತು, ಮೂತ್ರಕೋಶ ತಾನಾಗಿ ಖಾಲಿಯಾಗುವುದನ್ನು ಬಿಟ್ಟಿತು. ನಾಲ್ಕೈದು ತಾಸಿಗೊಮ್ಮೆ ತಾವೇ ಕ್ಯಾಥೆಟರ್ ಎಂಬ ತೆಳ್ಳನೆಯ ನಳಿಕೆ ಹಾಕಿಕೊಂಡು ಮೂತ್ರ ತೆಗೆದು, ಒಮ್ಮೆ ಬಳಸಿದ ನಳಿಕೆಯನ್ನು ಎಸೆಯಬೇಕು. ಬೇರೆಯವರು ಕುಗ್ಗಿಹೋಗುತ್ತಿದ್ದರು. ಮಾಮಾನಿಗೆ ಮತ್ತೆ ಕೆಲಸ ಸಿಕ್ಕಂತಾಯಿತು!

ಧಾರವಾಡದ ಡಾಕ್ಟರು ಮೂರು ಬಗೆ ಕೊಟ್ಟು, ಯಾವುದು ಹಿತವೋ ಅದನ್ನು ಆರಿಸಿಕೊಳ್ಳಿ ಎಂದರು. ಸಾದಾ ಪ್ಲಾಸ್ಟಿಕ್ಕಿನದು ಬಿರುಸು, ರಟ್ಟಿನ ಜಾತಿ ಎಂದು ಮೊದಲ ದಿನವೇ ರಿಜೆಕ್ಟ್ ಆಯಿತು. ನೀರು ತಾಗಿದೊಡನೆ ನುಣ್ಣಗೆ ಜಾರುವ ಲೇಪದ್ದು ಒಳ್ಳೇ ಆರ್ಟ್ ಪೇಪರ್ ಇದ್ದ ಹಾಗಿದೆ ಎಂದು ಪಾಸಾಯಿತು. ಮೂರನೆಯದಕ್ಕೂ ಅದೇ ಲೇಪ, ಜೊತೆಗೆ ಮೇಲೊಂದು ತೆಳು ಪ್ಲಾಸ್ಟಿಕ್ ತೋಳು. ನಳಿಕೆಯನ್ನು ಕೈಯಿಂದ ಮುಟ್ಟದೆಯೇ ಹಾಕಿಕೊಳ್ಳಬಹುದು. ಡಾಕ್ಟರಿಗೆ ಅದೇ ಇಷ್ಟ. ಮಾಮಾ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಮುಟ್ಟಾಕ ಬರಲಾರದ ಮಾಲು ಹೆಂಗ ಪಾಸ್ ಮಾಡೂದ್ರಿ?” ಎಂದು ವಾಪಸು ಕೊಟ್ಟರು.

ಮನೆಗೆ ಬಂದವರಿಗೆ ಚಹಾದ ಹಿಂದೆಯೇ ತಾಟಿನಲ್ಲಿ ಮೂರು ನಳಿಕೆಗಳು ಬರತೊಡಗಿದವು. ಇಬ್ಬರು ಬೀಗರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು! ಔಷಧಿ ಅಂಗಡಿಯಲ್ಲಂತೂ ಪ್ರತಿ ಹತ್ತು ಪಾಕೀಟಿಗೆ ಒಂದನ್ನು ಅಲ್ಲೇ ಹರಿದು, ನಳಿಕೆಯನ್ನು ತುದಿಯಿಂದ ತುದಿಗೆ ಸವರಿ ನೋಡುತ್ತಿದ್ದರು. ಕಾರ್ಖಾನೆಯ ಪದ್ಧತಿಯೇ ಹಾಗಂತೆ. ಅಂಗಡಿಯ ಭಾಯಿ ತಲೆ ಚಚ್ಚಿಕೊಂಡರು.

“ಸಾಹೇಬ್ರ, ಒಡದ್ರ ಅದು ಕೆಟ್ಟಂಗರೀ. ಬಾಳಿಹಣ್ಣು ಸುಲದ್ ನೋಡಿ ಮತ್ತ ಬುಟ್ಟಿಗೆ ಇಡ್ತೀರೇನು?”

“ಹತ್ತಕ್ಕೊಂದು ನೋಡ್ಲಾರದ ಮಾಲು ಮಾಲಽ ಅಲ್ಲ, ಭಾಯಿ.”

ಇದನ್ನೆಲ್ಲ ನಾನು ಬಂಗೂರನಗರದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ಅಭಿನಯಿಸಿ ತೋರಿಸಿ, ಎಲ್ಲರನ್ನೂ ನಗಿಸುತ್ತಿದ್ದೆ. ಹರಿದ ಪಾಕೀಟಿನ ನಳಿಕೆ ಎಲ್ಲಿಗೆ ಹೋಗುತ್ತದೆಂದು ಕೇಳುವ ಬುದ್ಧಿ ಮಾತ್ರ, ಎಂ.ಎ. ಓದಿದ ನನಗೆ ಬರಲಿಲ್ಲ. ಅದು ಸ್ಟೀಲ್ ಡಬ್ಬಿಗೆ ಹೋಗುತ್ತಿತ್ತು. ದಂಡವಾಗಬಾರದೆಂದು ಮಾಮಾ ಮೊದಲು ಅದನ್ನೇ ಬಳಸುತ್ತಿದ್ದರು.

ಏಪ್ರಿಲ್ಲಿನ ಒಂದು ರವಿವಾರ ಬುತ್ತಿ ಕಟ್ಟಿಕೊಂಡು ಹೊಳೆದಂಡೆಯ ಮೌಳಂಗಿಗೆ ಹೋಗಿದ್ದೆವು. ಮಟಮಟ ಮಧ್ಯಾಹ್ನ, ಹೊಳೆಯ ಕಲ್ಲುಗಳು ಕಾದ ಹಂಚಾಗಿದ್ದವು. ಮಾಮಾ ಚಳಿ ಎಂದರು. ಚೇಷ್ಟೆಯೆಂದು ನಾನು ನಕ್ಕೆ. ಅವರ ಹಲ್ಲುಗಳು ಕಟಕಟ ಕಡಿಯತೊಡಗಿದಾಗ ಕೈ ಹಿಡಿದೆ. ಸುಡುತ್ತಿತ್ತು. ಅತ್ತಿ ತನ್ನ ಸೆರಗು ಹೊದಿಸಿದಳು.

ಹಳಿಯಾಳದ ಮೇಲೆ ಧಾರವಾಡಕ್ಕೆ ನಾನೇ ಕಾರು ಓಡಿಸಿದೆ. ಆ ದಾರಿಯಲ್ಲಿ ನನ್ನ ತಲೆ ಈಗಲೂ ದಿನಕ್ಕೊಮ್ಮೆ ಕಾರು ಓಡಿಸುತ್ತದೆ. ಹಿಂದಿನ ಸೀಟಿನಲ್ಲಿ ಮಾಮಾ ಕಾಡಿನ ಬಿದಿರು ಮೆಳೆಗಳನ್ನೆಲ್ಲ ಒಂದೊಂದಾಗಿ ಪಾಸ್ ಮಾಡುತ್ತ ಬಂದರು. ಬೇರೆ ದಿನವಾಗಿದ್ದರೆ ಸ್ಟಾಫ್‌ರೂಮಿಗೆ ಒಂದು ವಾರಕ್ಕಾಗುವ ಸರಕು. ಆಮೇಲೆ ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿ, “ನೀವು ಯಾರ್ರೀ?” ಎಂದರು. ಹುಟ್ಟಿದಾಗಿನಿಂದ ನನ್ನನ್ನು ‘ಹುಚ್ಚಿ’ ಎಂದೇ ಕರೆದವರು! ಹಳಿಯಾಳ ದಾಟಿದ ಮೇಲೆ ಅದನ್ನೂ ಕೇಳಲಿಲ್ಲ. ಅತ್ತಿ ಅವರ ಹೆಸರು ಹಿಡಿದು ಕೂಗಿದಳು. ನಲವತ್ತು ವರ್ಷದಲ್ಲಿ ಆಕೆ ಅವರ ಹೆಸರು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೂತ್ರದ ಸೋಂಕು ರಕ್ತಕ್ಕೆ ಏರಿದೆ, ಇನ್ನೊಂದು ತಾಸು ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು. ಮುಟ್ಟಿದ ನಳಿಕೆಗಳ ಡಬ್ಬಿಯ ಕಥೆ ಹೊರಬಿದ್ದದ್ದು ಆಗಲೇ. ಐದನೆಯ ದಿನ ಮಾಮಾ ಕಣ್ಣು ಬಿಟ್ಟು, ಆಸ್ಪತ್ರೆಯ ಚಪಾತಿಯನ್ನು ಬೆಳಕಿಗೆ ಹಿಡಿದು ರಿಜೆಕ್ಟ್ ಎಂದಾಗ, ನನಗೆ ನಗು ಬರುವ ಬದಲು ಸಿಟ್ಟು ಬಂತು. ಯಾತಕ್ಕೆ ಅಷ್ಟು ಸಲ ಮುಟ್ಟಿ ನೋಡಬೇಕಿತ್ತು ಎಂದು ಬೈದೆ.

ಮಾಮಾ ತಮ್ಮ ಬೆರಳುಗಳನ್ನೇ ನೋಡಿಕೊಂಡರು.

“ಎಷ್ಟ ಸವರಿದ್ರೂ ಬೆರಳಿಗೆ ಏನೂ ತಿಳಿಯವಲ್ದವಾ. ಎರಡ ವರ್ಷಾತು, ಕಟ್ಟಿಗಿ ಆಗ್ಯಾವು. ಒಂದರಾಗ ತಿಳಿಯಲಿಲ್ಲಂತ ಇನ್ನೊಂದ ಒಡೀತಿದ್ದೆ.”

ಎರಡು ವರ್ಷದಿಂದ ರೊಟ್ಟಿಯನ್ನೂ ಅಂದಾಜಿನ ಮೇಲೆಯೇ ಪಾಸ್ ಮಾಡಿದ್ದರು!

ಈಗ ತೋಳಿರುವ ಆ ಮೂರನೆಯ ಬಗೆಯದೇ ಬರುತ್ತದೆ. ಮೊದಲ ಪೆಟ್ಟಿಗೆ ಬಂದ ದಿನ ಮಾಮಾ ಕೈ ಹಚ್ಚಲಿಲ್ಲ. ನನ್ನ ಕಡೆ ಸರಿಸಿ, “ಇನ್ನ ನೀನಽ ನೋಡು. ಒಡೀಬ್ಯಾಡ ಮತ್ತ,” ಎಂದರು. ಮೂವತ್ತು ವರ್ಷದಲ್ಲಿ ಇನ್ನೊಬ್ಬರ ಬೆರಳನ್ನು ನಂಬಿದವರಲ್ಲ ಅವರು. ನಾನು ಒಂದು ಪಾಕೀಟು ಎತ್ತಿಕೊಂಡೆ. ಅಂಚಿನ ಅಂಟು, ಅಳತೆ, ತಾರೀಖು, ಎಲ್ಲ ಓದಬೇಕು. ತಾರೀಖನ್ನೇ ಮೂರು ಸಲ ಓದಿದೆ.

“ಎಷ್ಟ ಸಲ ಓದ್ತಿ, ಹುಚ್ಚಿ? ನಾ ಇನ್ನೂ ರಿಜೆಕ್ಟ್ ಆಗಿಲ್ಲ.”

ನಾನು ಪಾಕೀಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮುಖ ಅವರಿಗೆ ಕಾಣದಂತೆ, ಬಹಳ ಹೊತ್ತು ಹಿಡಿದೇ ಇದ್ದೆ.