ಚೀಸ್ ಡಬ್ಬಿಗೆ ಅಂಟಿಸಿದ ಚೀಟಿ

ಶನಿವಾರ ಬೆಳಿಗ್ಗೆ ಆರು ಗಂಟೆ ನಲವತ್ತೆರಡು ನಿಮಿಷಕ್ಕೆ ನಾನು ಫ್ರಿಜ್ಜಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಚೀಸ್ ಪೊಟ್ಟಣದ ಬೆನ್ನನ್ನು ಭೂತಗನ್ನಡಿಯಲ್ಲಿ ಓದುತ್ತಿದ್ದೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದವನು ನಾನು. ಇಡೀ ಊರಿನ ನೀರು ಕುಡಿಯಲು ಯೋಗ್ಯವೆಂದು ಸಹಿ ಹಾಕುವ ಕೈಗೆ ಒಂದು ತುಂಡು ಚೀಸ್ ಯಾವ ಲೆಕ್ಕ! ಮಧ್ಯಾಹ್ನ ಹನ್ನೆರಡಕ್ಕೆ ಅಕ್ಕ ಮತ್ತು ಅವಳ ಮಗಳು ಬರುವುದರೊಳಗೆ ನಮ್ಮ ಅಡುಗೆಮನೆಯನ್ನು ಭೂಮಂಡಲದಲ್ಲೇ ಅತ್ಯಂತ ನಿರಪಾಯಕಾರಿ ಅಡುಗೆಮನೆ ಮಾಡುವುದೆಂದು ತೀರ್ಮಾನಿಸಿದ್ದೆ.

ಅಕ್ಕನ ಮಗಳಿಗೆ ಹತ್ತು ವರ್ಷ. ಗೋಧಿ, ಬಾರ್ಲಿಯಂಥ ಕಾಳುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಅವಳ ಕರುಳಿಗೆ ಆಗುವುದಿಲ್ಲ. ಬ್ರೆಡ್ಡಿನ ಚೂರುಪುಡಿ ಒಳಗೆ ಹೋದರೂ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಬೇಕು. ಹಾಗಾಗಿ ಕೈಗೆ ಬಂದದ್ದನ್ನೆಲ್ಲ ತಿರುಗಿಸಿ ಓದಿಯೇ ಬಾಯಿಗಿಡುತ್ತಾಳೆ. ಮನೆಯವರೆಲ್ಲ ಅವಳನ್ನು ಕರೆಯುವುದು ಇನ್ಸ್‌ಪೆಕ್ಟರ್ ಎಂದೇ.

ಒಂಬತ್ತು ತಿಂಗಳ ಹಿಂದೆ ಅವಳು ನಮ್ಮಲ್ಲಿಗೆ ಬಂದಿದ್ದಾಗ ನಾನು ಸೂಪ್ ಮಾಡಿ ಅದಕ್ಕೆ ಒಂದು ಹಿಡಿ ಬಾರ್ಲಿ ಹಾಕಿದ್ದೆ. ಗೋಧಿ ಅಲ್ಲವಲ್ಲ ಎಂಬುದು ಅಂದಿನ ನನ್ನ ವಾದ. ಮಗು ಮಲಗಿತು, ಅದರ ಈಜು ಸ್ಪರ್ಧೆ ತಪ್ಪಿತು. ಅಂದಿನಿಂದ ಅಕ್ಕ ನಮ್ಮ ಮನೆಯಲ್ಲಿ ನೀರನ್ನೂ ಬೆಳಕಿಗೆ ಹಿಡಿದು ನೋಡಿ ಕುಡಿಯುತ್ತಾಳೆ.

ಈಗ ಅಕ್ಕ ಆಫೀಸಿನ ತರಬೇತಿಗೆ ಒಂದು ವಾರ ಪರವೂರಿಗೆ ಹೋಗಬೇಕಿತ್ತು. ಮಗಳು ಇಲ್ಲಿರಬೇಕು, ಇಲ್ಲವೇ ಏಳೂವರೆಗೇ ದೀಪ ಆರಿಸುವ ದೊಡ್ಡಮ್ಮನ ಮನೆಯಲ್ಲಿರಬೇಕು. ನಮ್ಮ ಬೀದಿಯ ತುದಿಯಲ್ಲಿ ಈಜುಕೊಳವಿದೆ. ಇನ್ಸ್‌ಪೆಕ್ಟರ್ ಅಮ್ಮನಿಗೆ ಗೊತ್ತಾಗದ ಹಾಗೆ ಫೋನು ಮಾಡಿ ಒಂದೇ ಮಾತು ಹೇಳಿದ್ದಳು: "ಮಾವ, ಈ ಸಲ ಕೆಡಿಸ್ಬೇಡಿ, ಪ್ಲೀಸ್."

ಶುಕ್ರವಾರ ಅಕ್ಕನ ಫೋನೂ ಬಂತು.

"ಅವಳಿಗೆ ಚೀಸ್ ಕೊಡ್ಬಹುದಾ, ಇಲ್ವಾ? ಅದೊಂದು ಇದ್ರೆ ಅವಳಿಗೆ ಬೇರೇನೂ ಬೇಡ."

"ಅಕ್ಕಾ, ಮೊದಲು ಚೀಸ್ ಅಂದ್ರೆ ಏನು? ಹಾಲು, ಉಪ್ಪು, ಹೆಪ್ಪು, ಕಿಣ್ವ..."

"ಪಾಠ ಬೇಡ ಕಣೋ. ನೂರಕ್ಕೆ ಎಷ್ಟು ಗ್ಯಾರಂಟಿ, ಅಷ್ಟು ಹೇಳು."

"ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು."

"ಉಳಿದದ್ದು?"

"ಸೊನ್ನೆ ಪಾಯಿಂಟ್ ಒಂದು. ನಮ್ಮ ಲೆಕ್ಕಕ್ಕೆ ಸಿಗದೆ ಇರೋದು ಎಲ್ಲೋ ಏನೋ ಒಂದು ಇದ್ದೇ ಇರುತ್ತೆ. ವಿಜ್ಞಾನದ ಮರ್ಯಾದೆಗೆ ಅಷ್ಟು ಬಿಡ್ಬೇಕು."

"ಆ ಸೊನ್ನೆ ಪಾಯಿಂಟ್ ಒಂದು ನನ್ನ ಕಣ್ಣಿಗೆ ಬಿತ್ತೋ, ಬಂದ ಕಾರಲ್ಲೇ ಅವಳನ್ನ ದೊಡ್ಡಮ್ಮನ ಮನೆಗೆ ಬಿಟ್ಟು ಹೋಗ್ತೀನಿ."

ಆದ್ದರಿಂದಲೇ ಈ ಭೂತಗನ್ನಡಿ. ಮೂರು ಬಗೆಯ ಚೀಸ್ ತಂದಿದ್ದೆ. ಮೊದಲನೆಯದು ಗಟ್ಟಿ ಇಟ್ಟಿಗೆ. ಅದರ ಬೆನ್ನ ಮೇಲೆ ಹಾಲು, ಉಪ್ಪು, ಹೆಪ್ಪು, ಕಿಣ್ವ ಬಿಟ್ಟರೆ ಬೇರೇನೂ ಇರಲಿಲ್ಲ. ತೇರ್ಗಡೆ! ಎರಡನೆಯದು ತುರಿದ ಚೀಸ್. ಎಳೆಗಳು ಒಂದಕ್ಕೊಂದು ಹತ್ತಿಕೊಳ್ಳದಿರಲು ಪಿಷ್ಟ ಉದುರಿಸಿದೆ ಎಂದಿತ್ತು. ಯಾವುದರ ಪಿಷ್ಟ ಎಂದಿರಲಿಲ್ಲ. ಪ್ರಯೋಗಾಲಯದಿಂದ ತಂದಿದ್ದ ಅಯೋಡಿನ್ ತೊಟ್ಟಿಕ್ಕಿಸಿದೆ. ಚೀಸ್ ಕಡುನೀಲಿಯಾಯಿತು.

ನನ್ನ ಹೆಂಡತಿ ಹೊಲಿಗೆ ಅಂಗಡಿ ನಡೆಸುತ್ತಾಳೆ. ಕಾಫಿ ಲೋಟ ಹಿಡಿದು ಹಿಂದೆ ನಿಂತಿದ್ದಳು.

"ಏನ್ರೀ ಅದು?"

"ಪಿಷ್ಟ ಇದೆ ಅಂತ ಸಾಬೀತಾಯ್ತು."

"ಅದನ್ನ ಪೊಟ್ಟಣದ ಮೇಲೆ ಅವರೇ ಬರೆದಿದ್ದಾರಲ್ಲ. ಗೋಧಿದೋ ಆಲೂಗಡ್ಡೆದೋ ಅಂತ ಗೊತ್ತಾಯ್ತಾ?"

"ಅದು ಇದರಲ್ಲಿ ಗೊತ್ತಾಗಲ್ಲ."

"ಮತ್ತೆ ಯಾಕೆ ಹಾಕಿದ್ರಿ?"

"ನೀಲಿ ಆಗುತ್ತೆ."

ಅವಳು ಕಾಫಿ ಮುಗಿಸಿ ಹೋದಳು. ಮೂರನೆಯದು ಸವರಿಕೊಂಡು ತಿನ್ನುವ ಚೀಸ್. ಪೊಟ್ಟಣದ ಮೇಲಿದ್ದ ನಂಬರಿಗೆ ಫೋನು ಮಾಡಿ ಮೂವತ್ತೆಂಟು ನಿಮಿಷ ಸಂಗೀತ ಕೇಳಿದೆ. ಕೊನೆಗೆ ಒಬ್ಬಾಕೆ ಬಂದು, ಗಟ್ಟಿ ಮಾಡಲು ಹಾಕುವ ಪುಡಿಯಲ್ಲಿ ಗೋಧಿ "ಇದ್ರೂ ಇರಬಹುದು ಸರ್" ಎಂದಳು. ಎರಡೂ ಪೊಟ್ಟಣಗಳು ಮನೆಯಿಂದ ಹೊರಬಿದ್ದವು. ನನ್ನ ಬ್ರೆಡ್ಡಿಗೆ ಚಪ್ಪಲಿ ಗೂಡಿನ ಮೇಲೆ ಜಾಗವಾಯಿತು. ಹಿಟ್ಟಿನ ಡಬ್ಬಿಗಳೆಲ್ಲ ಗಡೀಪಾರಾದವು. ಹೊಸ ಚಾಕು, ಹೊಸ ಮಣೆ, ಹೊಸ ತುರಿಮಣೆ, ಹೊಸ ತಟ್ಟೆಗಳು ಬಂದವು.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಗೆದ್ದಿರುತ್ತಿದ್ದೆ. ಆದರೆ ಚೀಟಿ ಅಂಟಿಸದ ಸೀಸೆಯನ್ನು ಕಂಡರೆ ನನಗೆ ನಿದ್ದೆ ಬರುವುದಿಲ್ಲ. ಮೂವತ್ತೊಂದು ಚೀಟಿ ಕತ್ತರಿಸಿ, ಪ್ರತಿಯೊಂದರ ಮೇಲೂ "ಗ್ಲುಟೆನ್ ಇಲ್ಲ. ಪರೀಕ್ಷಿಸಲಾಗಿದೆ" ಎಂದು ಬರೆದು, ತಾರೀಖು, ಸಮಯ, ಸಹಿ ಹಾಕಿದೆ.

"ದಾರದಲ್ಲಿ ಕಟ್ಟಿದ್ರೆ ಆಗಲ್ವೇನ್ರೀ?" ಎಂದಳು ಹೆಂಡತಿ.

"ದಾರ ದರ್ಜಿಗಳಿಗೆ. ಪ್ರಯೋಗಾಲಯದಲ್ಲಿ ಅಂಟಿಸೋದೇ ಪದ್ಧತಿ."

ಆ ಪದ್ಧತಿಯಂತೆ, ಪ್ರಯೋಗಾಲಯದಿಂದ ತಂದ ನನ್ನ ಅಂಟಿನ ಸೀಸೆ ತೆರೆದು, ತೋರುಬೆರಳಿನಲ್ಲಿ ಸವರಿ, ಚಾಕುವಿನ ಹಿಡಿಯಿಂದ ಹಿಡಿದು ಚೀಸ್ ಡಬ್ಬಿಯ ಮುಚ್ಚಳದವರೆಗೆ ಎಲ್ಲಕ್ಕೂ ಅಂಟಿಸಿದೆ. ಆಮೇಲೆ ಇಟ್ಟಿಗೆಯನ್ನು ತೆಳ್ಳಗೆ ಬಿಲ್ಲೆಗಳಾಗಿ ಕತ್ತರಿಸಿ ಆ ಡಬ್ಬಿಯಲ್ಲಿ ಜೋಡಿಸಿದೆ. ಅದೇ ಬೆರಳಿನಲ್ಲಿ.

ಹನ್ನೆರಡಕ್ಕೆ ಸರಿಯಾಗಿ ಕಾರು ಬಂತು. ಇನ್ಸ್‌ಪೆಕ್ಟರ್ ಈಜುಡುಗೆಯ ಚೀಲವನ್ನು ಎದೆಗೆ ಅವಚಿಕೊಂಡೇ ಒಳಗೆ ಬಂದಳು. ಅಕ್ಕ ಮಗಳ ಪೆಟ್ಟಿಗೆಯನ್ನು ಕೆಳಗಿಡದೆ, ಕೈಯಲ್ಲೇ ಹಿಡಿದು ಅಡುಗೆಮನೆ ಸುತ್ತಿದಳು. ಚೀಟಿಗಳನ್ನು ಓದುತ್ತ ಹೋದಂತೆ ಅವಳ ಹುಬ್ಬು ಸಡಿಲವಾಯಿತು.

"ಪರವಾಗಿಲ್ವೋ! ಒಂಬತ್ತು ತಿಂಗಳಲ್ಲಿ ಬುದ್ಧಿ ಬಲಿತಿದೆ."

ನಾನು ಚೀಸ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದೆ. ಇನ್ಸ್‌ಪೆಕ್ಟರ್ ಒಂದು ಬಿಲ್ಲೆ ಎತ್ತಿಕೊಂಡಳು. ಬಾಯಿಯ ಹತ್ತಿರ ಒಯ್ದವಳು, ಅಭ್ಯಾಸಬಲದಿಂದ ಮುಚ್ಚಳವನ್ನು ತಿರುಗಿಸಿ ನೋಡಿದಳು. ಚೀಟಿಯ ಅಂಚಿನಲ್ಲಿ ಬಿಳಿ ಲೋಳೆ ಇನ್ನೂ ಒಣಗಿರಲಿಲ್ಲ.

"ಮಾವ, ಈ ಅಂಟು ಯಾವುದು?"

ಇಂಥ ಪ್ರಶ್ನೆಗಾಗಿ ನಾನು ಇಪ್ಪತ್ತೆರಡು ವರ್ಷ ಕಾದಿದ್ದೆ. ಯಾರೂ ಕೇಳಿರಲಿಲ್ಲ.

"ಹಾಗೆ ಕೇಳು! ಅಂಗಡಿದಲ್ಲ. ಅಂಗಡಿ ಅಂಟು ಗಾಜಿನ ಮೇಲೆ ಕಲೆ ಉಳಿಸುತ್ತೆ. ಇದು ಬಿಸಿನೀರು ಹಾಕಿದ್ರೆ ಬಿಟ್ಟುಕೊಳ್ಳುತ್ತೆ. ನಾನೇ ಕುದಿಸಿ ಮಾಡಿದ್ದು. ಒಂದು ಲೋಟ ನೀರಿಗೆ ಎರಡು ಚಮಚ ಮೈದಾ..."

ಮೈದಾ ಎಂದರೆ ಗೋಧಿಯೇ. ಅಡುಗೆಮನೆಯ ಹಿಟ್ಟನ್ನೆಲ್ಲ ಹೊರಹಾಕಿದವನಿಗೆ ಅಂಟಿನ ಸೀಸೆ ಹಿಟ್ಟೆಂದು ಹೊಳೆದಿರಲಿಲ್ಲ, ಅದು ಸ್ಟೇಷನರಿ! ಗ್ಲುಟೆನ್ ಇಲ್ಲವೆಂಬ ಮೂವತ್ತೊಂದು ಪ್ರಮಾಣಪತ್ರಗಳನ್ನು ನಾನು ಗ್ಲುಟೆನ್ನಿನಿಂದಲೇ ಅಂಟಿಸಿದ್ದೆ.

ಬಿಲ್ಲೆಯನ್ನು ಮಗುವಿನ ಕೈಯಿಂದ ಕಿತ್ತು, ಸಾಕ್ಷ್ಯ ನಾಶಮಾಡುವ ಕಳ್ಳನಂತೆ ನಾನೇ ನುಂಗಿದೆ. ಅಕ್ಕ ಪೆಟ್ಟಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು.

"ನಡಿಯೇ. ದೊಡ್ಡಮ್ಮ ಕಾಯ್ತಿರ್ತಾರೆ."

ಇನ್ಸ್‌ಪೆಕ್ಟರ್ ಅಳಲಿಲ್ಲ. ಚೀಲದ ಜಿಪ್ಪನ್ನು ಸುಮ್ಮನೆ ಎಳೆದಳು, ಮತ್ತೆ ಮುಚ್ಚಿದಳು. ಅದಕ್ಕಿಂತ ಅತ್ತಿದ್ದರೇ ಚೆನ್ನಾಗಿತ್ತು.

"ಅತ್ತಿಗೆ, ಒಂದು ನಿಮಿಷ," ಎಂದು ಹೆಂಡತಿ ಹೊರಗೆ ಹೋದಳು. ಮಹಡಿ ಮೆಟ್ಟಿಲ ಸದ್ದು ಹತ್ತಿತು, ಇಳಿಯಿತು. ಬಂದಾಗ ಅವಳ ಕೈಯಲ್ಲಿ ಒಡೆಯದ ಚೀಸ್ ಇಟ್ಟಿಗೆಯೊಂದಿತ್ತು.

"ಅದೇ ಚೀಸು, ಅತ್ತಿಗೆ. ನಿನ್ನೆ ಸಂಜೇನೇ ಇನ್ನೊಂದು ತಂದು ಮೇಲಿನ ಮನೆಯವರ ಫ್ರಿಜ್ಜಲ್ಲಿ ಇಟ್ಟಿದ್ದೆ."

"ಅಲ್ಯಾಕೆ?" ಎಂದೆ ನಾನು.

"ನಮ್ಮ ಫ್ರಿಜ್ಜಲ್ಲಿ ನೀವಿರ್ತೀರಲ್ಲ."

ಅವಳು ಮೊಳಕೈವರೆಗೆ ಸೋಪು ಹಚ್ಚಿ ಕೈ ತೊಳೆದಳು, ಮಗುವಿನ ಕೈಯನ್ನೂ ತೊಳೆಸಿದಳು. ಚಾಕು, ಮಣೆ ಎಲ್ಲಕ್ಕೂ ನನ್ನ ಸಹಿ ಬಿದ್ದಿತ್ತಾದ್ದರಿಂದ ಅವನ್ನು ಮುಟ್ಟಲಿಲ್ಲ. ಪೊಟ್ಟಣದ ಕಾಗದವನ್ನು ಬಿಡಿಸಿ ಅದರ ಮೇಲೇ ಇಟ್ಟಿಗೆಯನ್ನಿಟ್ಟು, ತನ್ನ ಅಂಗಡಿಯ ಹೊಸ ಉಂಡೆಯಿಂದ ಒಂದು ಮೊಳ ದಾರ ಹರಿದು, ಎರಡು ತುದಿ ಹಿಡಿದು ಒತ್ತಿದಳು. ಬಿಲ್ಲೆಗಳು ಒಂದೇ ದಪ್ಪಕ್ಕೆ ಬಿದ್ದವು. ನಾನು ಚಾಕುವಿನಲ್ಲಿ ಕತ್ತರಿಸಿದ್ದಕ್ಕಿಂತ ಸಮವಾಗಿದ್ದವೆಂಬುದನ್ನು ಸತ್ಯದ ದೃಷ್ಟಿಯಿಂದ ಇಲ್ಲಿ ದಾಖಲಿಸುತ್ತೇನೆ.

ಇನ್ಸ್‌ಪೆಕ್ಟರ್ ಕಾಗದ ಓದಿದಳು, ದಾರದ ಉಂಡೆಯ ಚೀಟಿಯನ್ನೂ ಓದಿದಳು, ತಿಂದಳು. ಮೂರು ಬಿಲ್ಲೆ. ಅಕ್ಕ ಪೆಟ್ಟಿಗೆಯನ್ನು ಕೊನೆಗೂ ಕೆಳಗಿಟ್ಟಳು.

"ನಿನ್ನನ್ನ ನಂಬಿ ಬಿಟ್ಟು ಹೋಗ್ತಿದ್ದೀನಮ್ಮ," ಎಂದು ನನ್ನ ಹೆಂಡತಿಗೆ ಹೇಳಿ, ನನ್ನ ಕಡೆ ತಿರುಗಿದಳು. "ನೀನು ಒಂದು ವಾರ ಈ ಅಡುಗೆಮನೆ ಹೊಸ್ತಿಲು ದಾಟಿದ್ರೆ ನೋಡು!"

ಕಾರು ಹೋದ ಮೇಲೆ ನಾನು ಹೊಸ್ತಿಲಾಚೆ ಕುರ್ಚಿ ಹಾಕಿಕೊಂಡು, ಒಳಗೆ ಇಬ್ಬರೂ ಬಿಸಿನೀರಿನಲ್ಲಿ ಚೀಟಿ ಬಿಡಿಸುವುದನ್ನು ನೋಡುತ್ತಿದ್ದೆ. ಚೀಟಿಗಳು ಕಲೆಯಿಲ್ಲದೆ ಬಿಟ್ಟುಕೊಂಡವು. ಅದನ್ನು ಯಾರೂ ಮೆಚ್ಚಲಿಲ್ಲ.

ಇನ್ಸ್‌ಪೆಕ್ಟರ್ ಕೈ ತೊಳೆದು ಒರೆಸಿಕೊಂಡು ಹೊರಗೆ ಬಂದಳು. ಕೈಯಲ್ಲೊಂದು ಹೊಸ ಚೀಟಿ, ಅದಕ್ಕೆ ಪೋಣಿಸಿದ ದಾರ.

"ಮಾವ, ಅಲ್ಲಾಡ್ಬೇಡಿ." ನನ್ನ ಅಂಗಿಯ ಗುಂಡಿಗೆ ಅದನ್ನು ಕಟ್ಟಿ ಗಂಟು ಹಾಕಿದಳು.

"ಏನು ಬರೆದಿದ್ದೀಯೇ?"

"ನೀವೇ ಹೇಳಿದ್ದು. ನಿನ್ನೆ ಅಮ್ಮ ಫೋನು ಸ್ಪೀಕರಲ್ಲಿ ಇಟ್ಟಿದ್ರು."

ಅವಳು ಈಜುಕೊಳಕ್ಕೆ ಓಡಿದಳು. ನಾನು ಕತ್ತು ಬಗ್ಗಿಸಿ, ತಲೆಕೆಳಗಾಗಿದ್ದ ಆ ದುಂಡು ಅಕ್ಷರಗಳನ್ನು ಓದಿದೆ: ಸೊನ್ನೆ ಪಾಯಿಂಟ್ ಒಂದು.